ಹಿಂದಿನ ಸೀಟಿನ ಸವತಿ

ಸವತಿ ಅನ್ನುವ ಪ್ರಾಣಿ ಹೆಂಗಸರಿಗೆ ಮಾತ್ರ ಗಂಟುಬೀಳುತ್ತದೆ ಅಂದುಕೊಂಡವರು ಕೊಡಿಗೇಹಳ್ಳಿಯ ಮುನಿಶಾಮಪ್ಪನನ್ನು ಕಂಡಿಲ್ಲ. ಅರವತ್ತು ದಾಟಿ, ಮೊಮ್ಮಕ್ಕಳು ಹೆಗಲೇರಿ ಕೂತ ಮೇಲೆ ಆ ಮಹರಾಯನಿಗೆ ಒಬ್ಬ ಸವತಿ ಬಂದ. ಹೌದು, ಬಂದಳು ಅಲ್ಲ, ಬಂದ. ಹೇಗೆ ಬಂದ, ಬಂದು ಏನು ಮಾಡಿದ ಅನ್ನುವುದೇ ಈ ಕತೆ.

ಮುನಿಶಾಮಪ್ಪನದು ಊರಿನ ಹಳೇ ಮನೆತನ. ಸಹಕಾರನಗರದ ಬದಿಯಲ್ಲಿ ಈಗ ಫ್ಲ್ಯಾಟುಗಳು ನಿಂತಿರುವ ಜಾಗದಲ್ಲಿ ಅವನ ಅಪ್ಪ ರಾಗಿ ಬೆಳೆದ, ಇವನು ದ್ರಾಕ್ಷಿ ಚಪ್ಪರ ಹಾಕಿದ. ಆಮೇಲೆ ನೆಲ ಬಡಾವಣೆಯಾಯಿತು, ದ್ರಾಕ್ಷಿ ಹೋಯಿತು, ಚಪ್ಪರದ ಕಲ್ಲುಕಂಬಗಳು ಮಾತ್ರ ಹಿತ್ತಿಲಲ್ಲಿ ಒರಗಿಕೊಂಡು ಉಳಿದವು. ಬಾಡಿಗೆ ಮನೆಗಳಿದ್ದವು, ಊಟಕ್ಕೆ ಬಟ್ಟೆಗೆ ತೊಂದರೆ ಇರಲಿಲ್ಲ. ಆದರೆ ಬೋರ್‌ವೆಲ್ಲಿನ ಪಂಪ್‌ಸೆಟ್ಟನ್ನು ತಾನೇ ಬಿಚ್ಚಿ ತಾನೇ ಜೋಡಿಸುತ್ತಿದ್ದ ಕೈಗೆ ಸುಮ್ಮನೆ ಕೂರುವುದೆಂದರೆ ನವೆ. ಹಾಗಾಗಿ ಒಂದು ಹಳೇ ಮಾರುತಿ ಎಂಟ್ನೂರು ಕಾರು ತಂದು ಅಂಗಳದಲ್ಲಿ ಕಟ್ಟಿಕೊಂಡ. ಹಸು ಕಟ್ಟುವ ಜಾಗದಲ್ಲೇ.

ಕಾರಿನ ಸೀಟು ಹರಿದಿತ್ತು. ಆರ್.ಟಿ. ನಗರದಲ್ಲಿ ಖಾದರ್ ಬಾಷಾ ಎಂಬವನ ಕುಶನ್ ಅಂಗಡಿ ಇದೆ ಎಂದು ಯಾರೋ ಹೇಳಿದರು. ಸೀಟು ಹೊಲಿಸಲು ಹೋದ ಮುನಿಶಾಮಪ್ಪ ಸ್ನೇಹ ಹೊಲಿಸಿಕೊಂಡು ಬಂದ. ಅದಾಗಿ ಎಷ್ಟೋ ಕಾಲವಾಯಿತು. ಬಾಷಾನ ಮಂಡಿ ಕೆಟ್ಟಿತು, ಅಂಗಡಿ ಮಗನ ಕೈಗೆ ಹೋಯಿತು, ಸ್ನೇಹದ ಹೊಲಿಗೆ ಮಾತ್ರ ಬಿಡಲಿಲ್ಲ.

ಪ್ರತಿ ಭಾನುವಾರ ಬೆಳಿಗ್ಗೆ ಮುನಿಶಾಮಪ್ಪ ಆರ್.ಟಿ. ನಗರಕ್ಕೆ ಹೋಗುವುದು, ಬಾಷಾನನ್ನು ಹತ್ತಿಸಿಕೊಳ್ಳುವುದು, ಯಶವಂತಪುರ, ಗೊರಗುಂಟೆಪಾಳ್ಯ ದಾಟಿ ನಾಗಸಂದ್ರದಲ್ಲಿರುವ ಬಾಷಾನ ಅಕ್ಕ ಜೈನಾಬ್ ಬೀಯ ಮನೆಗೆ ಕರೆದುಕೊಂಡು ಹೋಗುವುದು, ಅಲ್ಲಿ ಮೂವರೂ ಕೂತು ಉಣ್ಣುವುದು. ಇದು ನೇಮ. ಮಂಡಿ ಮಡಚಲಾಗದ ಬಾಷಾ ಹಿಂದಿನ ಸೀಟಿನಲ್ಲಿ ಎಡಬಾಗಿಲಿಗೆ ಬೆನ್ನು ಕೊಟ್ಟು, ಉದ್ದಕ್ಕೆ ಕಾಲು ಚಾಚಿ ನವಾಬನ ಹಾಗೆ ಕೂರುತ್ತಿದ್ದ. ಮುಂದೆ ಮುನಿಶಾಮಪ್ಪ ಒಬ್ಬನೇ. ನೋಡಿದವರು ಸಾಹೇಬರಿಗೆ ಒಳ್ಳೇ ಡ್ರೈವರ್ ಸಿಕ್ಕಿದ್ದಾನೆ ಎಂದು ನಗುತ್ತಿದ್ದರು. ಹಾಗೆ ನಕ್ಕಷ್ಟೂ ಮುನಿಶಾಮಪ್ಪನಿಗೆ ಹೆಮ್ಮೆ.

ಅವರೆಕಾಯಿ ಕಾಲ ಶುರುವಾದ ಒಂದು ಶನಿವಾರ ಬಾಷಾ ಫೋನು ಮಾಡಿದ.

"ಶಾಮಣ್ಣ, ನಾಳೆ ನೀನು ಬರೋದು ಬೇಡ. ಸಂಗಮೇಶ್ ಅವರು ಬಿಡ್ತೀನಿ ಅಂದಿದ್ದಾರೆ."

"ಯಾವ ಸಂಗಮೇಶ?"

"ನಿಮ್ಮ ಸಹಕಾರನಗರದವರೇ. ಸೋಫಾ ಹೊಲಿಸೋಕೆ ಬಂದಿದ್ರು. ಅವರ ಗಾಡಿ ನೋಡ್ಬೇಕು ನೀನು. ಅದು ಗಾಡಿ ಅಲ್ಲ, ತೊಟ್ಟಿಲು. ಕೂತ್ರೆ ಹಾಗೇ ನಿದ್ದೆ ಬರ್ತದೆ. ನಿಂದು ಗಾಡಿ, ಬೇಜಾರು ಮಾಡ್ಕೋಬೇಡ, ಹಂಪ್ ಬಂದ್ರೆ ನನ್ನ ಬೆನ್ನು ಹಂಚಿಗೆ ಹಾಕಿದ ಹಾಗೆ ಆಗ್ತದೆ."

ಬೇಜಾರು ಏನಿಲ್ಲ ಅಂದು ಮುನಿಶಾಮಪ್ಪ ಫೋನು ಇಟ್ಟ. ಇಟ್ಟವನು ಅವತ್ತು ಮುದ್ದೆ ಅರ್ಧ ಬಿಟ್ಟ.

ಸಂಗಮೇಶ ಯಾರೆಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಾಗಲಕೋಟೆ ಕಡೆಯವನು, ಬಸ್ ಕಂಡಕ್ಟರಾಗಿ ನಿವೃತ್ತನಾಗಿ ಮಗಳ ಮನೆಗೆ ಬಂದಿದ್ದಾನೆ. ಅಳಿಯ ಬಿಟ್ಟ ಹಳೇ ಕಾರನ್ನು ತಾನು ಓಡಿಸುತ್ತಾನೆ. ಮುನಿಶಾಮಪ್ಪ ಒಂದು ದಿನ ಮೊಸರು ತರುವ ನೆಪ ಮಾಡಿ ಆ ರಸ್ತೆಯಲ್ಲಿ ನಡೆದುಹೋದ. ಗೇಟಿನೊಳಗೆ ಕಂಡದ್ದು ಮಾರುತಿ ಎಂಟ್ನೂರು. ಅದೇ ಬಿಳಿ ಬಣ್ಣ, ಅದೇ ಕಾಲದ ಗಾಡಿ. ಬೇರೆ ದೊಡ್ಡ ಕಾರಾಗಿದ್ದರೆ ಸಹಿಸಿಕೊಳ್ಳುತ್ತಿದ್ದನೇನೋ. ತನ್ನದೇ ಕಾರಿನ ಅಕ್ಕತಂಗಿಯಂಥ ಕಾರು ತೊಟ್ಟಿಲು, ತನ್ನದು ಕಾದ ಹಂಚು ಅಂದರೆ ಹೊಟ್ಟೆಗೆ ಬೆಂಕಿ ಬೀಳದೆ ಇನ್ನೇನಾಗುತ್ತದೆ?

ಎರಡನೇ ಭಾನುವಾರವೂ ಬಾಷಾ ಅದರಲ್ಲೇ ಹೋದ. ಸಂಜೆ ಜೈನಾಬ್ ಬೀ ಫೋನು ಮಾಡಿ, ಯಾಕೆ ಬರಲಿಲ್ಲ ಎಂದು ವಿಚಾರಿಸಿಕೊಂಡು, ಹೊಸಬರು ಬಹಳ ಒಳ್ಳೆಯವರೆಂದೂ ಮಾಂಸ ಮುಟ್ಟುವುದಿಲ್ಲವಾದ್ದರಿಂದ ಅವರಿಗೆಂದೇ ಹೊಸ ಪಾತ್ರೆ ತಂದು ಬಗಾರಾ ಅನ್ನ, ಬದನೆಕಾಯಿ ಬೇರೆ ಮಾಡಿದೆನೆಂದೂ ಹೇಳಿದಳು. ಮುನಿಶಾಮಪ್ಪನಿಗೆ ಆ ಹೊಸ ಪಾತ್ರೆ ಗಂಟಲಲ್ಲಿ ಸಿಕ್ಕಿಕೊಂಡಿತು.

"ನಾನು ಇಷ್ಟು ವರ್ಷ ಓಗಿದೀನಿ, ನನಗೆ ಅಂತ ಒಂದು ಲೋಟ ತಂದಿಲ್ಲ ಆಯಮ್ಮ," ಅಂದ ಹೆಂಡತಿಯ ಮುಂದೆ.

ವೆಂಕಟಲಕ್ಷ್ಮಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. "ನೀವು ಮನೆಯವರು, ಅದಕ್ಕೇ ಇರೋ ಲೋಟ ಕೊಟ್ರು. ಅವನು ಒಸಬ. ಇದಕ್ಕೆ ಏನಂತಾರೆ ಗೊತ್ತಾ? ಸವತಿ ಮತ್ಸರ."

"ಬಾಯಿ ಮುಚ್ಕೊಂಡು ಕಾಯಿ ಸುಲಿ."

"ಸುಲೀತಿದೀನಲ್ಲ. ನಿಮ್ಮ ಒಟ್ಟೇಲಿ ಉರೀತಿರೋ ಬೆಂಕಿಗೆ ಬೇಳೆ ಇಟ್ರೆ ಬೆಂದೋಗ್ತದೆ, ಗ್ಯಾಸು ಉಳೀತದೆ."

ಮುನಿಶಾಮಪ್ಪ ಎದ್ದು ಅಂಗಳಕ್ಕೆ ಹೋಗಿ ಕಾರಿನ ಹಿಂಭಾಗವನ್ನು ಎರಡೂ ಕೈಯಲ್ಲಿ ಅದುಮಿದ. ಅದು ಅಲ್ಲಾಡಲಿಲ್ಲ. ಬಗ್ಗಿ ನೋಡಿದ. ಚಕ್ರದ ಒಳಗಡೆ ನಿಂತಿರುವ ಕೊಳವೆಯಂಥ ಸಾಮಾನು, ಗ್ಯಾರೇಜಿನವರು ಶಾಕಪ್ ಅನ್ನುತ್ತಾರಲ್ಲ, ಅದು ಒಂದು ಕಡೆ ಎಣ್ಣೆ ಕಕ್ಕಿ ಒಣಗಿತ್ತು, ಇನ್ನೊಂದು ಕಡೆ ತುಕ್ಕು ಹಿಡಿದು ಗೂಟದ ಹಾಗೆ ಬಿಗಿದುಕೊಂಡಿತ್ತು. ಸ್ಪ್ರಿಂಗು ಕುಣಿಯುವಾಗ ಅದನ್ನು ಹಿಡಿದು ನಿಲ್ಲಿಸಬೇಕಾದದ್ದು ಶಾಕಪ್ಪು. ಇದು ಸ್ಪ್ರಿಂಗನ್ನು ಕುಣಿಯಲೂ ಬಿಡುತ್ತಿರಲಿಲ್ಲ.

ಗ್ಯಾರೇಜಿಗೆ ಹೋಗುವ ಹಾಗಿಲ್ಲ. ಇವನ ಗಾಡಿ ನೋಡುತ್ತಿದ್ದ ಮೆಕ್ಯಾನಿಕ್ ಫೈಜಾನ್ ಬೇರೆ ಯಾರೂ ಅಲ್ಲ, ಬಾಷಾನ ತಂಗಿಯ ಮಗ. ಅಲ್ಲಿ ನಟ್ಟು ಬಿಚ್ಚಿದರೆ ಸದ್ದು ಆರ್.ಟಿ. ನಗರಕ್ಕೆ ಕೇಳುತ್ತದೆ. ಶಾಮಣ್ಣ ಹೊಟ್ಟೆಕಿಚ್ಚಿಗೆ ಶಾಕಪ್ ಹಾಕಿಸಿದ ಎಂದು ಬಾಷಾ ಹಾಸಿಗೆಯಲ್ಲಿ ಹೊರಳಿ ನಗುತ್ತಾನೆ. ಆದ್ದರಿಂದ ಮುನಿಶಾಮಪ್ಪ ಯಶವಂತಪುರಕ್ಕೆ ಬಸ್ಸಿನಲ್ಲಿ ಹೋಗಿ, ಗುರುತಿಲ್ಲದ ಅಂಗಡಿಯಲ್ಲಿ ಹಿಂದಿನ ಎರಡೂ ಶಾಕಪ್ ಕೊಂಡು, ಪತ್ರಿಕೆಯಲ್ಲಿ ಸುತ್ತಿ, ಕದ್ದ ಮಾಲಿನ ಹಾಗೆ ಬಗಲಲ್ಲಿಟ್ಟುಕೊಂಡು ಬಂದ.

ಮರುದಿನ ಗೇಟಿಗೆ ಚಿಲಕ ಹಾಕಿ ಕೆಲಸಕ್ಕೆ ಕೂತ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕಿನಲ್ಲಿ ಹಿಂಭಾಗ ಎತ್ತಿ, ದ್ರಾಕ್ಷಿ ಚಪ್ಪರದ ಕಂಬದ ತುಂಡುಗಳನ್ನು ಕೆಳಗೆ ಆನಿಸಿ, ಚಕ್ರ ಬಿಚ್ಚಿ, ಅಚ್ಚಿನ ಕೆಳಗೂ ಒಂದು ಮರದ ದಿಮ್ಮಿ ಇಟ್ಟ. ಮೇಲಿನ ನಟ್ಟು ಹಿಂದಿನ ಸೀಟಿನ ಬೆನ್ನಿಗೆ, ಕಾರ್ಪೆಟ್ಟಿನ ಅಡಿಯಲ್ಲಿತ್ತು. ತಿರುಗಿಸಿದರೆ ನಟ್ಟಿನ ಜೊತೆ ಒಳಗಿನ ಸರಳೂ ತಿರುಗುತ್ತಿತ್ತು. ಒಂದು ಕೈಯಲ್ಲಿ ಸರಳು ಹಿಡಿದು, ಇನ್ನೊಂದರಲ್ಲಿ ಸ್ಪ್ಯಾನರು ಹಾಕಿ ಅದನ್ನು ಗೆದ್ದ. ಕೆಳಗಿನ ಬೋಲ್ಟು ಗೆಲ್ಲಲು ಬಿಡಲಿಲ್ಲ. ತುಕ್ಕು ತಿಂದು ಒಂದೇ ಉಂಡೆಯಾಗಿತ್ತು. ಸೀಮೆಎಣ್ಣೆ ಬಿಟ್ಟ, ಸುತ್ತಿಗೆಯಲ್ಲಿ ಬಡಿದ, ಕೊನೆಗೆ ಅದಕ್ಕೆ ಸಂಗಮೇಶ ಎಂದು ಹೆಸರಿಟ್ಟು ಕಾಲಿನಿಂದ ಸ್ಪ್ಯಾನರನ್ನು ಒದ್ದ. ಅಷ್ಟಕ್ಕೆ ಕಿತ್ತುಕೊಂಡು ಬಂತು.

ಹೊಸದನ್ನು ಕೂರಿಸಿ, ಗಾಡಿ ಇನ್ನೂ ಗಾಳಿಯಲ್ಲಿ ಎತ್ತಿಕೊಂಡಿರುವಾಗಲೇ ಎಲ್ಲ ನಟ್ಟುಗಳನ್ನೂ ಉಸಿರು ಹಿಡಿದು ಬಿಗಿದ. ಚಕ್ರ ಹಾಕಿ, ಇಳಿಸಿ, ಓಣಿಯಲ್ಲಿ ಒಂದು ಸುತ್ತು ಹೊಡೆದ. ಬಡಿತ ಕಡಿಮೆಯಾಗಿತ್ತು, ಆದರೆ ಗಾಡಿ ಸೆಟೆದುಕೊಂಡೇ ಇತ್ತು. ಅದರ ಮೇಲೆ ಎರಡೂ ಕಡೆಯಿಂದ ಕಿರ್, ಕಿರ್ ಎಂದು ಹಳೇ ಮಂಚದ ಸದ್ದು. ಬಾಷಾನನ್ನು ಇದರಲ್ಲಿ ಕೂರಿಸಿದರೆ ಇದ್ದ ಮರ್ಯಾದೆಯೂ ಹೋಗುತ್ತದೆ ಎಂದು ಮುನಿಶಾಮಪ್ಪ ಗೇಟು ಹಾಕಿಕೊಂಡು ತಲೆಮೇಲೆ ಕೈ ಹೊತ್ತು ಕೂತ.

ಬಿಸಿಲು ಕಾಯಿಸಿಕೊಳ್ಳಲೆಂದು ವೆಂಕಟಲಕ್ಷ್ಮಮ್ಮ ಅವರೆಕಾಯಿ ಮೊರ ಹಿಡಿದುಕೊಂಡು ಹೋಗಿ ಆ ಕಾರಿನ ಹಿಂದಿನ ಸೀಟಿನಲ್ಲೇ ಕೂತಳು. ಹೆಂಗಸು ತೂಕವಾಗಿಯೇ ಇದ್ದಳು. ಅವಳು ಕೂತ ಕೂಡಲೇ ಕೆಳಗಿನಿಂದ ಕಿರ್ ಅಂದಿತು. ಮುನಿಶಾಮಪ್ಪ ಕಿವಿ ನಿಮಿರಿಸಿದ. ಹಿಂದಿನ ಚಕ್ರಗಳನ್ನು ಎರಡು ಚಪ್ಪಡಿ ಕಲ್ಲಿನ ಮೇಲೆ ಹತ್ತಿಸಿ, ಕೆಳಗೆ ತೂರಿ, ಅವಳು ಕೂತಿರುವಾಗಲೇ ಕೆಳಗಿನ ನಟ್ಟನ್ನು ಸಡಿಲಿಸಿದ. ಒಳಗಿನ ರಬ್ಬರು ಟಕ್ಕೆಂದು ಹೊರಳಿ ತನ್ನ ಜಾಗಕ್ಕೆ ಬಂತು. ಆಗ ಹೊಳೆಯಿತು ಅವನಿಗೆ. ಚಕ್ರ ನೇತಾಡುತ್ತಿರುವಾಗ ಬಿಗಿದರೆ ರಬ್ಬರು ಹಾಗೆಯೇ ಸಿಕ್ಕಿಬೀಳುತ್ತದೆ. ಗಾಡಿ ಕೆಳಗೆ ಕೂತಾಗ ಪಂಚೆ ಹಿಂಡಿದ ಹಾಗೆ ತಿರುಚಿಕೊಂಡು ಕಿರುಚುತ್ತದೆ. ಭಾರ ಬಿದ್ದ ಮೇಲೆ ಬಿಗಿಯಬೇಕು.

"ಅಲ್ಲಾಡಬೇಡ ಕಣೆ," ಎಂದ ಕೆಳಗಿನಿಂದ.

"ಇಷ್ಟು ವರ್ಷಕ್ಕೆ ನನ್ನ ತೂಕದಿಂದ ಒಂದು ಉಪಯೋಗ ಕಂಡ್ರಲ್ಲ," ಎಂದಳು ಮೇಲಿನಿಂದ.

ಎರಡೂ ಕಡೆ ಹಾಗೆ ಬಿಗಿದ ಮೇಲೆ ಗಾಡಿ ಬೆಣ್ಣೆಯಾಯಿತು. ಹಂಪಿನ ಮೇಲೆ ಒಮ್ಮೆ ಕುಗ್ಗಿ, ಒಮ್ಮೆ ಎದ್ದು, ಸುಮ್ಮನಾಗುತ್ತಿತ್ತು. ಮುನಿಶಾಮಪ್ಪ ಮೀಸೆ ತಿರುವಿ ಬಾಷಾನಿಗೆ ಫೋನು ಹಚ್ಚಿದ. ಈ ಭಾನುವಾರ ಸಂಗಮೇಶನಿಗೆ ಮಾತು ಕೊಟ್ಟಾಗಿದೆ, ಬೇಕಾದರೆ ನೀನೂ ಅದರಲ್ಲೇ ಬಾ ಎಂದ ಬಾಷಾ. ತನ್ನ ಕಾರಿಗೆ ಬಾರದವನ ಜೊತೆ ಸವತಿಯ ಕಾರಿನಲ್ಲಿ ಹೋಗುವುದು! ಆದರೂ ಹೋದ. ಅದೆಂಥ ತೊಟ್ಟಿಲು ಎಂದು ನೋಡಬೇಕಿತ್ತು.

ಮುಂದಿನ ಸೀಟಿನಲ್ಲಿ ಕೂತ. ಸಂಗಮೇಶ ದುಂಡು ಮುಖದ, ಬಾಯ್ತುಂಬ ನಗುವ ಮನುಷ್ಯ. ಬರ್ರಿ, ಕೂಡ್ರಿ ಎಂದು ಉಪಚಾರ ಮಾಡಿ, ರೈಟ್ ರೈಟ್ ಎಂದು ತನಗೆ ತಾನೇ ಹೇಳಿಕೊಂಡು ಗಾಡಿ ಬಿಟ್ಟ. ಯಶವಂತಪುರದ ಹತ್ತಿರ ಒಂದು ಹಂಪ್ ಬಂತು. ಗಾಡಿ ಕುಗ್ಗಿತು, ಎದ್ದಿತು, ಮತ್ತೆ ಕುಗ್ಗಿತು, ಮತ್ತೆ ಎದ್ದಿತು, ಹಂಪ್ ದಾಟಿ ಎಷ್ಟೋ ದೂರ ಬಂದರೂ ಇನ್ನೂ ತೂಗಾಡುತ್ತಲೇ ಇತ್ತು. ಹಿಂದೆ ಬಾಷಾ ಕಣ್ಣು ಮುಚ್ಚಿ ಸುಖಪಡುತ್ತಿದ್ದ. ಗೊರಗುಂಟೆಪಾಳ್ಯದಲ್ಲಿ ಲಾರಿ ಅಡ್ಡ ಬಂದು ಸಂಗಮೇಶ ಬ್ರೇಕ್ ಒತ್ತಿದಾಗ ಗಾಡಿಯ ಮೂಗು ನೆಲಕ್ಕೆ ಬಗ್ಗಿ, ಬಾಲ ಪಕ್ಕಕ್ಕೆ ಜಾರಿತು.

ಮುನಿಶಾಮಪ್ಪನ ಹೊಟ್ಟೆಯಲ್ಲಿ ಹಾಲು ಹೊಯ್ದ ಹಾಗಾಯಿತು. ತೊಟ್ಟಿಲೂ ಅಲ್ಲ, ಏನೂ ಅಲ್ಲ. ಶಾಕಪ್ಪು ಎರಡೂ ಸತ್ತುಹೋಗಿ ಬರೀ ಸ್ಪ್ರಿಂಗಿನ ಮೇಲೆ ಗಾಡಿ ಕುಣಿಯುತ್ತಿದೆ. ಆ ಸಂತೋಷವನ್ನು ಅವನು ಜೈನಾಬ್ ಬೀಯ ಮನೆಯವರೆಗೆ ತುಟಿಯೊಳಗೆ ಹಿಡಿದಿಟ್ಟುಕೊಂಡ. ಊಟಕ್ಕೆ ಕೂತಾಗ ಹೊಸ ಪಾತ್ರೆ ಸಂಗಮೇಶನ ಮುಂದೆ ಬಂತು. ಇನ್ನು ತಡೆಯಲಾಗಲಿಲ್ಲ.

"ನಿಮ್ಮ ಗಾಡೀದು ಶಾಕಪ್ ಎರಡೂ ಓಗಿವೆ. ತೊಟ್ಟಿಲಲ್ಲ ಅದು, ಎಲ್ಲಾದ್ರೂ ತಿರುವಲ್ಲಿ ಮಗುಚ್ಕೊಳ್ತದೆ," ಎಂದುಬಿಟ್ಟ.

ಸಂಗಮೇಶ ಮುಖ ಸಣ್ಣ ಮಾಡಿಕೊಳ್ಳುತ್ತಾನೆ ಎಂದು ಕಾದ. ಅವನು ಕೈಯಲ್ಲಿದ್ದ ತುತ್ತು ಬಿಟ್ಟು ಮುನಿಶಾಮಪ್ಪನ ಕೈ ಹಿಡಿದುಕೊಂಡ.

"ಹೌದೇನ್ರಿ? ದೇವರು ಹೇಳಿದಂಗ ಹೇಳಿದ್ರಿ ನೋಡ್ರಿ. ಜೀವನಪೂರ್ತಿ ಟಿಕೆಟ್ ಹರಿದೀನಿ, ಗಾಡಿ ಬುಡಕ ಏನೈತಿ ಅಂತ ಬಗ್ಗಿ ನೋಡಿದವ ಅಲ್ಲ. ನೀವ ಕೈ ಹಚ್ಚಿ ಸರಿ ಮಾಡಿಕೊಡ್ರಿ."

ಮಾಡಿಕೊಡು ಶಾಮಣ್ಣ ಎಂದ ಬಾಷಾ. ಮಾಡಿಕೊಡಪ್ಪ, ಪುಣ್ಯ ಬರುತ್ತದೆ ಎಂದಳು ಜೈನಾಬ್ ಬೀ. ಬಾಯಿ ಬಿಟ್ಟ ತಪ್ಪಿಗೆ ಸವತಿಗೆ ತಾನೇ ತಲೆ ಬಾಚಿ ಹೂ ಮುಡಿಸುವ ಗತಿ ಬಂತು ಮುನಿಶಾಮಪ್ಪನಿಗೆ.

ವಾರದ ನಡುವೆ ಸಂಗಮೇಶ ಹೊಸ ಶಾಕಪ್ ತಂದು, ಕಾರನ್ನು ಅಂಗಳದಲ್ಲಿ ನಿಲ್ಲಿಸಿ, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು ಬಸ್ಸಿನ ಕತೆ ಹೇಳತೊಡಗಿದ. ಮುನಿಶಾಮಪ್ಪ ಕಂಬದ ತುಂಡಿಟ್ಟು ಗಾಡಿ ಎತ್ತಿ ಹಳೆಯದನ್ನು ಕಿತ್ತ. ಹೊಸದನ್ನು ಕೂರಿಸಿ ಸ್ಪ್ಯಾನರು ಹಿಡಿದಾಗ ಮನಸ್ಸಿನೊಳಗೆ ಒಂದು ಹಲ್ಲಿ ಲೊಚಗುಟ್ಟಿತು. ಗಾಳಿಯಲ್ಲೇ ಬಿಗಿದುಬಿಟ್ಟರೆ? ಗಾಡಿ ಮಗುಚುವುದಿಲ್ಲ, ಯಾರಿಗೂ ಪೆಟ್ಟಾಗುವುದಿಲ್ಲ. ಬರೀ ಸೆಟೆದುಕೊಂಡು ಕಿರಗುಟ್ಟುತ್ತದೆ. ಬಾಷಾ ತಾನಾಗಿಯೇ ಇಳಿದು ಈ ಕಡೆ ಬರುತ್ತಾನೆ.

ಆದರೆ ಆ ಸೆಟೆತ ತಗಲುವುದು ಯಾರ ಬೆನ್ನಿಗೆ? ಬಾಷಾನ ಬೆನ್ನಿಗೆ. ಬಾಷಾ ಒರಗುವುದು ಎಡಬಾಗಿಲಿಗೆ. ಡ್ರೈವರ್ ಕೂರುವುದು ಬಲಗಡೆ. ಮುನಿಶಾಮಪ್ಪ ತಲೆ ಕೆರೆದುಕೊಂಡ, ಅತ್ತಿತ್ತ ನೋಡಿದ, ಬಲಗಡೆಯದನ್ನು ಗಾಳಿಯಲ್ಲೇ ಬಿಗಿದ. ಆಮೇಲೆ ಗಾಡಿ ಇಳಿಸಿ, ಕಲ್ಲಿಗೆ ಹತ್ತಿಸಿ, ಸಂಗಮೇಶನನ್ನೇ ಭಾರಕ್ಕೆ ಹಿಂದೆ ಕೂರಿಸಿ, ಎಡಗಡೆಯದನ್ನು ಮಾತ್ರ ಶಾಸ್ತ್ರೋಕ್ತವಾಗಿ ಬಿಗಿದ. ಸ್ನೇಹಿತನ ಬೆನ್ನಿಗೆ ಬೆಣ್ಣೆ, ಸವತಿಯ ಕಿವಿಗೆ ಕಿರಿಕಿರಿ. ಅವತ್ತು ಮುದ್ದೆ ಪೂರ್ತಿ ಉಂಡ.

ಆ ಭಾನುವಾರವೂ ಬಾಷಾ ಸಂಗಮೇಶನ ಗಾಡಿಯಲ್ಲೇ ಹೋದ. ಸೋಮವಾರ ಬೆಳಿಗ್ಗೆ ಗೇಟು ಸದ್ದಾಯಿತು. ಸಂಗಮೇಶ ನಿಂತಿದ್ದ, ಕೈಯಲ್ಲಿ ಜೋಳದ ರೊಟ್ಟಿಯ ಗಂಟು, ಶೇಂಗಾ ಚಟ್ನಿ. ಗಾಡಿ ರೇಷ್ಮೆಯಾಗಿದೆ ಎಂದು ಹೊಗಳಿ, ಬಲಗಡೆ ಮಾತ್ರ ಏನೋ ಕಿರ್ ಅನ್ನುತ್ತಿದೆ, ಇಲಿ ಮರಿ ಹಾಕಿರಬಹುದೇ ಎಂದು ಕೇಳಿದ. ಹೊಸದು, ಪಳಗಬೇಕು ಎಂದು ಮುನಿಶಾಮಪ್ಪ ಮುಖ ತಿರುಗಿಸಿದ. ಪಳಗಿತೋ ಇಲ್ಲವೋ ತೋರಿಸಲು ಸಂಗಮೇಶ ಮರುದಿನವೂ ಬಂದ. ಅದರ ಮರುದಿನವೂ ಬಂದ. ಬಂದವನಿಗೆ ವೆಂಕಟಲಕ್ಷ್ಮಮ್ಮ ಅವರೆಕಾಳಿನ ಹಿತಕಿದ ಬೇಳೆ ಸಾರು ಬಡಿಸಿದಳು. ಅವನು ತಟ್ಟೆ ಬಳಿದು ಉಂಡು, ಇಂಥದ್ದು ನಮ್ಮ ಕಡೆ ಇಲ್ಲರಿ ಅಕ್ಕ ಎಂದ. ತುಂಬಿದ ಬಸ್ಸಿನಲ್ಲಿ ಹುಂಜಕ್ಕೆ ಟಿಕೆಟ್ ಕೇಳಿ ಮುದುಕಿಯ ಕೈಲಿ ಬೈಸಿಕೊಂಡ ಕತೆಯನ್ನು ಅವನು ಹೇಳುವಾಗ ಮುನಿಶಾಮಪ್ಪ ನಗಬಾರದು ಎಂದು ತುಟಿ ಕಚ್ಚಿಕೊಂಡು ಕೂತು, ಕೊನೆಗೆ ಎದ್ದು ಹಿತ್ತಿಲಿಗೆ ಹೋಗಿ ನಕ್ಕು ಬಂದ. ಒಂದು ಬೆಳಿಗ್ಗೆ ಅವನು ಬರುವುದು ತಡವಾದಾಗ ಎರಡು ಸಲ ಗೇಟಿನ ಕಡೆ ನೋಡಿದ. ಅದಕ್ಕೂ ಅವನಿಗೆ ಸಿಟ್ಟೇ ಬಂತು. ಬಾಷಾನನ್ನು ಕಿತ್ತುಕೊಂಡದ್ದು ಸಾಲದೆಂದು ಈಗ ಮನೆಗೇ ಬಂದು ಕೂತಿದ್ದಾನಲ್ಲ.

ಭಾನುವಾರ ಬಂತು. ಮುನಿಶಾಮಪ್ಪ ಸ್ನಾನ ಮುಗಿಸಿ, ಹೋಗುವ ದಾರಿ ಇಲ್ಲದೆ, ಬನಿಯನ್ನಿನಲ್ಲಿ ಜಗಲಿಯ ಮೇಲೆ ಕೂತಿದ್ದ. ಆಟೋ ಒಂದು ಬಂದು ನಿಂತಿತು. ಖಾದರ್ ಬಾಷಾ ಮಂಡಿ ಹಿಡಿದುಕೊಂಡು ಇಳಿದ. ಸಲಾಮಿಲ್ಲ, ಕುಶಲವಿಲ್ಲ. ನೇರ ಹೋಗಿ ಮುನಿಶಾಮಪ್ಪನ ಕಾರಿನ ಹಿಂಬಾಗಿಲು ತೆಗೆದು, ಎಡಕ್ಕೆ ಬೆನ್ನು ಕೊಟ್ಟು ಕಾಲು ಚಾಚಿ ಕೂತ.

"ಇದೇನ್ ಬಾಷಾ, ಆಟೋದಲ್ಲಿ?" ಎಂದು ಮುನಿಶಾಮಪ್ಪ ಓಡಿ ಬಂದ.

"ಮಾತಾಡಿಸಬೇಡ ನನ್ನ." ಬಾಷಾ ಕಿಟಕಿಯಾಚೆ ನೋಡುತ್ತ ಹೇಳಿದ. "ಹೋದ ವಾರ ದಾರಿ ಉದ್ದಕ್ಕೂ ಅವನ ಬಾಯಲ್ಲಿ ನಿನ್ನ ಹೆಸರೇ. ಈಗ ದಿನಾ ಫೋನು ಮಾಡಿ ಹೇಳ್ತಾನೆ. ಮುನಿಶಾಮಪ್ಪನವರು ಹಾಗೆ, ಅಕ್ಕನವರ ಹಿತಕಿದ ಬೇಳೆ ಸಾರು ಹೀಗೆ. ಈ ವರ್ಷ ನನ್ನ ಕರೆದಿದೀಯಾ ನೀನು ಆ ಸಾರಿಗೆ? ಹೇಳು."

"ನೀನು ತೊಟ್ಟಿಲಲ್ಲಿ ಮಲಗಿದ್ದೆ, ಎಂಗೆ ಎಬ್ಬಿಸ್ಲಿ?"

"ನಾನು ಗಾಡಿ ಬದಲಾಯಿಸಿದೆ ಶಾಮಣ್ಣ. ನೀನು ಮನುಷ್ಯನ್ನೇ ಬದಲಾಯಿಸಿಬಿಟ್ಟೆ."

ಬಾಗಿಲಲ್ಲಿ ನಿಂತಿದ್ದ ವೆಂಕಟಲಕ್ಷ್ಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಮುನಿಶಾಮಪ್ಪ ಇಷ್ಟು ದಿನ ತಾನೊಬ್ಬನೇ ಉರಿಯುತ್ತಿದ್ದೇನೆ ಅಂದುಕೊಂಡಿದ್ದ. ಆ ಕಡೆಯೂ ಒಲೆ ಹತ್ತಿದೆ ಎಂದು ತಿಳಿದು ಮೈಯೆಲ್ಲ ಬೆಚ್ಚಗಾಯಿತು.

ಅಷ್ಟರಲ್ಲಿ ತಿರುವಿನಲ್ಲಿ ಕಿರ್, ಕಿರ್ ಸದ್ದು. ಬಾಷಾ ಮನೆಯಲ್ಲಿಲ್ಲ ಎಂದು ತಿಳಿದ ಸಂಗಮೇಶ ನಗುನಗುತ್ತ ಇಲ್ಲಿಗೇ ಬರುತ್ತಿದ್ದ. ಬಾಷಾ ಕಿವಿ ಕೊಟ್ಟು ಕೇಳಿದ.

"ಆ ಕಿರ್ಕಿರ್‌ಗೇ ತಾನೇ ಅವನು ದಿನಾ ಬರೋದು?"

"ಅದಕ್ಕೇ."

"ಹೋಗೋ ಮುಂಚೆ ಅದನ್ನ ಸರಿ ಮಾಡು. ಇವತ್ತೇ ಮಾಡು. ಆಮೇಲೆ ನಾವು ಹೊರಡೋದು."

ಮಾಡಬಹುದು, ಆದರೆ ಹಿಂದಿನ ಸೀಟಿನಲ್ಲಿ ಒಬ್ಬರು ಭಾರಕ್ಕೆ ಕೂರಬೇಕು ಎಂದ ಮುನಿಶಾಮಪ್ಪ. ಬಾಷಾ ಗೊಣಗುತ್ತ ಇಳಿದು ಸಂಗಮೇಶನ ಕಾರಿಗೆ ಹತ್ತಿದ. ನನ್ನಿಂದ ನಿಮಗೆಲ್ಲ ಎಷ್ಟು ತ್ರಾಸು ಎಂದು ಸಂಗಮೇಶ ನೊಂದುಕೊಂಡು, ಅಕ್ಕನವರನ್ನು ಮಾತಾಡಿಸಿ ಬರುತ್ತೇನೆ ಎಂದು ಒಳಗೆ ನಡೆದ. ಒಳಗಿನಿಂದ ಸಾರಿನ ಒಗ್ಗರಣೆಯ ಘಮ ಬಂತು. ಬಾಷಾ ಸೀಟಿನಲ್ಲಿ ಒಮ್ಮೆ ಕುದಿದು ಹೊರಳಿದ.

ಮುನಿಶಾಮಪ್ಪ ಆ ಗಾಡಿಯನ್ನು ಚಪ್ಪಡಿಗೆ ಹತ್ತಿಸಿ, ಕಲ್ಲಿನ ನಡುವೆ ಬೆನ್ನು ಹಾಸಿ ಕೆಳಗೆ ತೂರಿದ. ನಟ್ಟು ಸಡಿಲಿಸಿದ, ರಬ್ಬರು ಟಕ್ಕೆಂದು ಹೊರಳಿತು, ಮತ್ತೆ ಬಿಗಿದ. ಕೆಲಸ ಅಷ್ಟೇ.

"ಆಯ್ತಾ?" ಮೇಲಿನಿಂದ ಬಾಷಾ ಕೇಳಿದ. "ಅವನು ಒಳಗೆ ಎಲ್ಲ ಖಾಲಿ ಮಾಡ್ತಾನೆ. ಸಾರು ಡಬ್ಬಿಗೆ ಹಾಕಿಸ್ಕೋ, ನಮ್ಮಕ್ಕನ ಮನೇಲಿ ತಿನ್ನೋಣ. ನಾವಿಬ್ಬರೇ. ಅವನಿಗೆ ಹೇಳ್ಬೇಡ."

ಸ್ಪ್ಯಾನರು ಮುನಿಶಾಮಪ್ಪನ ಎದೆಯ ಮೇಲಿತ್ತು. ಅವನು ಎರಡೂ ಕೈ ತಲೆಯಡಿ ಇಟ್ಟುಕೊಂಡು ಆರಾಮಾಗಿ ಮಲಗಿದ.

"ಇನ್ನೂ ಆಗಿಲ್ಲ ಕಣೋ," ಎಂದ. "ಭಾರ ಸಾಲ್ದು. ಇನ್ನೊಂದು ಚೂರು ಕೂತಿರು, ಅಂಗೇ ಮಾತಾಡ್ತಿರು."